ಕೆನೆ ಬಣ್ಣದ ಕಪಾಟು

ಹುಕ್ಕೇರಿ
೪ ನವೆಂಬರ್ ೨೦೨೪

ಶ್ರೀ ಲಗಮಪ್ಪ ಚಿತ್ರಗಾರ ಅವರಿಗೆ,

ಶೋಭಾಳ ನಮಸ್ಕಾರ. ಮೊನ್ನೆ ಫೋನ್ ಮಾಡಿದವಳು ನಾನೇ. ಯಾವ ಬಣ್ಣ ಬೇಕೆಂದು ಮೊಬೈಲಿನಲ್ಲಿ ಫೋಟೋ ಕಳಿಸುತ್ತೇನೆ ಅಂದರೆ ನೀವು, "ಮೊಬೈಲ್ ಬಣ್ಣ ಖರೆ ಹೇಳೂದಿಲ್ರಿ, ಏನ ಬೇಕೋ ಕಾಗದದಾಗ ಬರದ ಕಳಸ್ರಿ" ಅಂದುಬಿಟ್ಟಿರಿ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಪೆನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ಮೂವತ್ತೊಂದು ವರ್ಷ ಸರ್ಕಾರಿ ನರ್ಸ್ ಆಗಿದ್ದು ಹೋದ ವರ್ಷ ನಿವೃತ್ತಳಾದೆ. ನಾನು ಮತ್ತು ನನ್ನ ಗೆಳತಿ ಲಕ್ಷ್ಮೀ ಕೂಡಿ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡಿದ್ದೇವೆ. ಅವಳೂ ನರ್ಸೇ. ಗಾಡಿಯೊಳಗೇ ಮಲಗುವ ಹಲಗೆ, ಒಲೆ, ನೀರಿನ ಟಾಕಿ ಎಲ್ಲ ಇವೆ. ಇಷ್ಟು ವರ್ಷ ಪೋಲಿಯೋ ಹನಿ ಹಿಡಿದುಕೊಂಡು ಮಂದಿಯ ಮನೆಮನೆ ತಿರುಗಿದ್ದಾಯಿತು, ಇನ್ನು ನಮಗಾಗಿ ತಿರುಗೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.

ಗಾಡಿಯಲ್ಲಿ ಕಟ್ಟಿಗೆಯ ಎರಡು ಕಪಾಟುಗಳಿವೆ, ಒಟ್ಟು ನಾಲ್ಕು ಬಾಗಿಲು. ಹಿಡಿಕೆಯ ಸುತ್ತ ಬಣ್ಣ ಸವೆದು ಕಟ್ಟಿಗೆ ಕಾಣುತ್ತಿದೆ. ಇಲ್ಲಿಯ ಪೇಂಟರ್ ಇವನ್ನು ಕಿತ್ತೆಸೆದು ಹೊಸದು ಹಾಕಿಸಿ ಅಂದ. ನನಗೆ ಮನಸ್ಸಾಗಲಿಲ್ಲ. ನಮ್ಮ ಡಾಕ್ಟರರ ಮನೆಯಲ್ಲಿ ನೀವು ಮಾಡಿದ ಕಟ್ಟಿಗೆಯ ಸೀತಾಫಲವನ್ನು ತಿನ್ನಲು ಕೈ ಹಾಕಿ ನಾನು ನಗೆಪಾಟಲಾಗಿದ್ದೆ. ಆಗಲೇ ನಿಮ್ಮ ಹೆಸರು ನೆನಪಿಟ್ಟುಕೊಂಡೆ.

ಒಂದು ಬಾಗಿಲನ್ನು ಹಳೆಯ ಚಾದರದಲ್ಲಿ ಸುತ್ತಿ ಗೋಕಾಕದ ಬಸ್ಸಿಗೆ ಹಾಕಿದ್ದೇನೆ. ಎಮ್ಮೆ ಹಾಲಿನ ಕೆನೆಯ ಬಣ್ಣ ಬೇಕು. ಸುತ್ತ ಒಂದು ಬೆರಳಗಲ ಎಲೆ ಹಸಿರು. ಇದು ಚೆನ್ನಾಗಿ ಬಂದರೆ ಉಳಿದ ಮೂರನ್ನೂ ಕಳಿಸುತ್ತೇನೆ. ಕಪಾಟು ಮುಗಿದ ದಿನವೇ ನಮ್ಮ ಗಾಡಿ ಹೊರಡುತ್ತದೆ.

ಶೋಭಾ


ಗೋಕಾಕ
೧೩ ನವೆಂಬರ್ ೨೦೨೪

ಶೋಭಾ ಸಿಸ್ಟರ್ ಅವರಿಗೆ ಲಗಮಪ್ಪನ ಶರಣು.

ಬಾಗಿಲು ಮುಟ್ಟಿತು. ಒಂದು ಮಾತು ಮೊದಲೇ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮದು ಔಷಧಿ ಚೀಟಿಯ ಅಕ್ಷರ. ಮುಂದಿನ ಸಲ ದೊಡ್ಡದಾಗಿ, ನಡುವೆ ಸಾಲು ಬಿಟ್ಟು ಬರೆಯಿರಿ.

ಬಾಗಿಲಿನ ಕಟ್ಟಿಗೆ ಸಾಗುವಾನಿ, ಕಿತ್ತೆಸೆಯಲು ಹೇಳಿದವನಿಗೆ ಬುದ್ಧಿ ಇಲ್ಲ. ಮೇಲಿನ ಕಂದು ಬಣ್ಣ ಕೆರೆದರೆ ಕೆಳಗೆ ಇನ್ನೆರಡು ಪದರ ಬಂತು. ನಿಮಗಿಂತ ಮೊದಲು ಯಾರ್ಯಾರೋ ಈ ಗಾಡಿಯಲ್ಲಿ ಸಂಸಾರ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಇಂಥದ್ದನ್ನು ರಿಪೇರಿಗೆ ಬಂದಿದೆ ಎನ್ನುವುದಿಲ್ಲ, ಬಣ್ಣಕ್ಕೆ ಕೂತಿದೆ ಎನ್ನುತ್ತೇವೆ. ನಮ್ಮ ಕಡೆ ದೇವಿ ಬಣ್ಣಕ್ಕೆ ಕೂತರೆ ಏಳುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ನಿಮ್ಮ ಬಾಗಿಲೂ ಬಣ್ಣಕ್ಕೆ ಕೂತಿದೆ, ಅದು ಬರುವವರೆಗೆ ಗಾಡಿಯಲ್ಲಿ ಒಗ್ಗರಣೆ ಹಾಕಬೇಡಿ.

ದೇವಿಯ ಮಾತು ಬಂತೆಂದು ಹೇಳುತ್ತೇನೆ. ಮೂಡಲಗಿ ಕಡೆಯ ಒಂದು ಹಳ್ಳಿಯ ಗ್ರಾಮದೇವಿಗೆ ಐದು ವರ್ಷಕ್ಕೊಮ್ಮೆ ಬಣ್ಣ ಮಾಡುವುದು ನಮ್ಮ ಮನೆತನ. ನನ್ನ ಮುತ್ತಜ್ಜನಿಂದ ನಡೆದು ಬಂದಿದೆ. ಬರುವ ಮಾರ್ಚಿಗೆ ಅವಳು ಮತ್ತೆ ಬಣ್ಣಕ್ಕೆ ಕೂರಬೇಕು. ಈ ಸಲ ಬೇರೆ ಕಡೆಯಿಂದ ಒಬ್ಬ ಸ್ಪ್ರೇ ಮಷೀನಿನವನು ಹಿರಿಯರ ಬೆನ್ನು ಹತ್ತಿದ್ದಾನೆ, ಎಂಟು ದಿನದಲ್ಲಿ ಮುಗಿಸಿಕೊಡುತ್ತೇನೆ ಅನ್ನುತ್ತಾನೆ. ಫೆಬ್ರುವರಿಯಲ್ಲಿ ಹಿರಿಯರು ಕೂತು ಯಾರಿಗೆ ಎಂದು ಹೇಳುತ್ತಾರೆ. ದೇವಿ ಕೈತಪ್ಪಿದರೆ ನಾನು ಹಣ್ಣಿನ ಗೊಂಬೆ ಮಾರುವವನಾಗಿ ಉಳಿಯುತ್ತೇನೆ, ಚಿತ್ರಗಾರ ಅನ್ನಿಸಿಕೊಳ್ಳುವುದಿಲ್ಲ. ಆದ್ದರಿಂದ ಈಗ ಕೈಗೆ ಬಂದ ಯಾವ ಕೆಲಸವನ್ನೂ ಹಗುರಾಗಿ ಮಾಡುತ್ತಿಲ್ಲ, ನಿಮ್ಮ ಬಾಗಿಲನ್ನೂ ಕೂಡ.

ಲಗಮಪ್ಪ ಚಿತ್ರಗಾರ


ಹುಕ್ಕೇರಿ
೨೫ ನವೆಂಬರ್ ೨೦೨೪

ಲಗಮಪ್ಪ ಅವರಿಗೆ ನಮಸ್ಕಾರ.

ನೀವು ಹೇಳಿದಂತೆ ದೊಡ್ಡದಾಗಿ ಬರೆಯುತ್ತಿದ್ದೇನೆ. ಈ ಲೆಕ್ಕದಲ್ಲಿ ಒಂದು ವಹಿಯೇ ಬೇಕಾದೀತು.

ಬಾಗಿಲು ಬಂತು. ಕೆಲಸ ಬಹಳ ನುಣುಪು, ಎಲ್ಲಿಯೂ ಒಂದು ಗೆರೆ ಎದ್ದಿಲ್ಲ. ಆದರೆ ನಾನು ಕೇಳಿದ್ದು ಕೆನೆ, ನೀವು ಕಳಿಸಿದ್ದು ಸುಣ್ಣ. ನಮ್ಮ ಆರೋಗ್ಯ ಕೇಂದ್ರದ ಗೋಡೆಯನ್ನೇ ತಂದು ಕಪಾಟಿಗೆ ಜೋಡಿಸಿದಂತಿದೆ. ಮೂವತ್ತೊಂದು ವರ್ಷ ಆ ಬಿಳಿ ಗೋಡೆ ನೋಡಿ ಸಾಕಾಗಿಯೇ ಕೆನೆ ಕೇಳಿದ್ದೆ. ಎಲೆ ಹಸಿರು ಅಂದದ್ದು ನವಿಲಿನ ಕೊರಳಿನ ನೀಲಿಯಾಗಿದೆ. ಡಬ್ಬಿಯಲ್ಲಿ ಉಳಿದದ್ದನ್ನು ಬಳಿದಿರೋ, ನರ್ಸಮ್ಮನಿಗೆ ಬಣ್ಣ ಏನು ತಿಳಿಯುತ್ತದೆ ಅಂದುಕೊಂಡಿರೋ?

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೂ ನೀವು ಬರೆದ ಮೇಲೆ ಗಾಡಿಯೊಳಗೆ ಸಾಸಿವೆ ಡಬ್ಬಿ ಮುಟ್ಟಲು ಕೈ ಬರಲಿಲ್ಲ. ನಾವಿಬ್ಬರೂ ಹತ್ತು ದಿನ ಒಗ್ಗರಣೆ ಬಿಟ್ಟಿದ್ದಕ್ಕೆ ಸಿಕ್ಕಿದ್ದು ಈ ಸುಣ್ಣ.

ಎರಡನೆಯ ಬಾಗಿಲು ಕಳಿಸಿದ್ದೇನೆ. ಇದರಲ್ಲಾದರೂ ಕೆನೆ ಕಾಣಲಿ.

ಶೋಭಾ


ಗೋಕಾಕ
೩ ಡಿಸೆಂಬರ್ ೨೦೨೪

ಸಿಸ್ಟರ್ ಅವರಿಗೆ,

ನಲವತ್ತೆಂಟು ವರ್ಷದಿಂದ ಬಣ್ಣ ಕಲಸುತ್ತಿದ್ದೇನೆ. ಡಬ್ಬಿಯಲ್ಲಿ ಉಳಿದದ್ದನ್ನು ಬಳಿಯುವ ಕೆಲಸ ನಮ್ಮ ಮನೆತನದಲ್ಲಿ ಯಾರೂ ಮಾಡಿಲ್ಲ. ನಾನು ಕಳಿಸಿದ್ದು ಕೆನೆಯೇ. ಅಂಗಳದ ಬಿಸಿಲಿಗೆ ಹಿಡಿದು ನೋಡಿಯೇ ಕಳಿಸಿದ್ದೇನೆ. ನಿಮ್ಮ ಗಾಡಿಯಲ್ಲಿ ಟ್ಯೂಬ್‌ಲೈಟ್ ಇದ್ದರೆ ಅದು ಆ ದೀಪದ ತಪ್ಪು.

ನನ್ನ ಸೊಸೆ ಸುಮನ ಕೂಡ ಅವತ್ತು, "ಮಾಮಾ, ತುಸು ಹಳದಿ ಹಾಕ್ರಿ, ಭಾಳ ಬೆಳ್ಳಗಾಗೇತಿ" ಅಂದಳು. "ಈ ಮನಿಗೆ ಬಂದು ಆರು ವರ್ಷ ಆತು, ನನಗ ಹಳದಿ ಕಲಸೂದು ಕಲಸ್ತೀಯೇನು" ಎಂದು ಗದರಿದೆ. ಈಗ ನೀವೂ ಅದನ್ನೇ ಹೇಳುತ್ತೀರಿ. ಹೆಂಗಸರೆಲ್ಲ ಕೂಡಿ ಮಾತಾಡಿಕೊಂಡಿರೇನು?

ಒಗ್ಗರಣೆಯ ಮಾತು ಬರೀ ನಂಬಿಕೆಯದಲ್ಲ. ಗಾಡಿಯಲ್ಲಿ ಉಳಿದ ಬಾಗಿಲುಗಳ ಸವೆದ ಕಟ್ಟಿಗೆಗೆ ಎಣ್ಣೆಯ ಹೊಗೆ ಹಿಡಿದರೆ ಮೇಲೆ ಬಣ್ಣ ನಿಲ್ಲುವುದಿಲ್ಲ. ಅದು ತಿಳಿಯದವರಿಗೆ ಕೆನೆ ಯಾವುದು ಸುಣ್ಣ ಯಾವುದು ಎಂದು ಹೇಗೆ ತಿಳಿಯಬೇಕು.

ಎರಡನೆಯ ಬಾಗಿಲನ್ನು ಚಾದರ ಬಿಚ್ಚದೆ ವಾಪಸ್ ಕಳಿಸಿದ್ದೇನೆ. ಬೇರೆಯವರನ್ನು ನೋಡಿಕೊಳ್ಳಿ.

ಲಗಮಪ್ಪ


ಹುಕ್ಕೇರಿ
೨೨ ಡಿಸೆಂಬರ್ ೨೦೨೪

ಲಗಮಪ್ಪ ಅವರಿಗೆ,

ಇಷ್ಟು ದಿನ ಸಿಟ್ಟಿನಲ್ಲಿದ್ದೆ. ನಿನ್ನೆ ನಿಮ್ಮ ಎರಡೂ ಕಾಗದಗಳನ್ನು ಹರಿದು ಹಾಕೋಣವೆಂದು ತೆಗೆದವಳು, ಹರಿಯದೆ ಬಾಜೂ ಬಾಜೂ ಇಟ್ಟು ನೋಡುತ್ತ ಕೂತುಬಿಟ್ಟೆ.

ನಿಮ್ಮ ಸಾಲುಗಳು ಬಲಕ್ಕೆ ಹೋಗುತ್ತ ಕೆಳಗಿಳಿಯುತ್ತವೆ. ಎರಡು ಕಡೆ ಬರೆದದ್ದರ ಮೇಲೆಯೇ ಮತ್ತೆ ಬರೆದಿದ್ದೀರಿ. ಮೊಬೈಲ್ ಫೋಟೋ ಬೇಡ ಅಂದಿರಿ. ದೊಡ್ಡ ಅಕ್ಷರ ಕೇಳಿದಿರಿ. ಬಿಸಿಲಿಗೆ ಹಿಡಿದು ನೋಡಿದರೂ ಸುಣ್ಣ ನಿಮಗೆ ಕೆನೆಯಾಗಿಯೇ ಕಂಡಿತು.

ನಾನು ಕಣ್ಣಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಪೊರೆ ಬೆಳೆದ ಕಣ್ಣು ಹಳದಿ ಗಾಜಿನ ಒಳಗಿಂದ ನೋಡುತ್ತದೆ. ಅದಕ್ಕೆ ಬಿಳಿ ಕೆನೆಯಾಗಿ ಕಾಣುತ್ತದೆ, ನೀಲಿ ಹಸಿರಾಗಿ ಕಾಣುತ್ತದೆ. ನೀವು ಬಣ್ಣಕ್ಕೆ ಹಳದಿ ಹಾಕಲಿಲ್ಲ, ಯಾಕೆಂದರೆ ನಿಮ್ಮ ಕಣ್ಣೇ ಮೊದಲು ಹಾಕಿಬಿಟ್ಟಿತ್ತು. ಇದು ಗೊತ್ತಿದ್ದೂ ನಾನು ನಿಮ್ಮನ್ನು ಮೋಸಗಾರ ಅನ್ನುವ ಹಾಗೆ ಬರೆದೆ. ತಪ್ಪಾಯಿತು, ನನಗೆ ನಾಚಿಕೆಯಾಗಿದೆ.

ಪೊರೆ ತೆಗೆಸಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಮಾರ್ಚ್ ದೂರವಿಲ್ಲ.

ಶೋಭಾ


ಗೋಕಾಕ
೧೮ ಜನವರಿ ೨೦೨೫

ಶೋಭಾ ಸಿಸ್ಟರ್ ಅವರಿಗೆ,

ನಿಮ್ಮ ಕಾಗದವನ್ನು ಸುಮನಳ ಕೈಯಲ್ಲಿ ಓದಿಸಿದೆ. ಅರ್ಧ ಓದುವಷ್ಟರಲ್ಲಿ ಅವಳು ಅತ್ತಳು. ಅವಳಿಗೆ ಒಂದು ವರ್ಷದಿಂದ ಗೊತ್ತಿತ್ತಂತೆ. ನಾನು ಊಟಕ್ಕೆ ಎದ್ದಾಗ ಗೊಂಬೆಗಳ ಬಣ್ಣವನ್ನು ಅವಳೇ ತಿದ್ದಿ ಇಡುತ್ತಿದ್ದಳಂತೆ. ಇಷ್ಟು ದಿನ ನನ್ನ ಹೆಸರಿನಲ್ಲಿ ಮಾರಿದ ಹಣ್ಣುಗಳೆಲ್ಲ ಅವಳ ಕಣ್ಣಿನವು. "ಮತ್ತ ಸಿಸ್ಟರ್ ಬಾಗ್ಲಾ ಯಾಕ ತಿದ್ದಲಿಲ್ಲವಾ?" ಎಂದು ಕೇಳಿದೆ. "ಬೇಕಂತನ ಬಿಟ್ಟೇರಿ ಮಾಮಾ. ನಾ ಹೇಳಿದ್ರ ಬೈತೀರಿ, ಹೊರಗಿನವ್ರರ ಹೇಳ್ಲಿ ಅಂತ" ಅಂದಳು. ಅದಕ್ಕೇ ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಒಂದು ತಿಂಗಳು ಹಿಡಿಯಿತು.

ನೀವು ಅರ್ಧ ಗಂಟೆಯ ಕೆಲಸ ಅನ್ನುತ್ತೀರಿ. ನಮ್ಮಪ್ಪನಿಗೂ ಹಾಗೇ ಹೇಳಿದ್ದರು. ಆಗ ನನಗೆ ಇಪ್ಪತ್ತೆರಡು. ಎಲ್ಲೋ ಶಿಬಿರದಲ್ಲಿ ಕೊಯ್ಯಿಸಿಕೊಂಡು ಬಂದ, ಕೀವಾಯಿತು, ಕಣ್ಣೇ ಹೋಯಿತು. ಇನ್ನೊಂದನ್ನು ಆತ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ದೇವಿಯ ಮುಂದೆ ಕೂತು ಬೆರಳಿನಿಂದ ಮೂಗು ಸವರಿ ಸರಿಯಾಗಿದೆಯೋ ಎಂದು ನೋಡುತ್ತಿದ್ದ. ನನಗೆ ಹೆದರಿಕೆ ಇದೆ, ಸಿಸ್ಟರ್. ಅರವತ್ತಾರು ವರ್ಷದವನು ಇದನ್ನು ಬರೆಯಬಾರದು, ಆದರೂ ಬರೆದಿದ್ದೇನೆ. ಕಣ್ಣಿನ ಸುದ್ದಿ ಹಿರಿಯರ ಕಿವಿಗೆ ಬಿದ್ದರೆ ದೇವಿ ಕೈತಪ್ಪುತ್ತಾಳೆ. ಕೊಯ್ಯಿಸಿಕೊಂಡು ಕೆಟ್ಟರೂ ಕೈತಪ್ಪುತ್ತಾಳೆ. ಏನು ಮಾಡಲಿ?

ನೀವು ನನ್ನನ್ನು ಓದಿದ ಹಾಗೆ ನಾನೂ ನಿಮ್ಮನ್ನು ಸ್ವಲ್ಪ ಓದಿದ್ದೇನೆ. ಎಲ್ಲ ಕಡೆ ನಾವಿಬ್ಬರೂ ಎಂದು ಬರೆಯುತ್ತೀರಿ. ಇಬ್ಬರ ಗಾಡಿ, ಎರಡು ಕಪಾಟು. ಆ ಬಿಳಿ ಬಾಗಿಲು ನೋಡಿ ನಿಮ್ಮ ಗೆಳತಿ ಏನಂದರು ಎಂದು ಒಂದು ಸಾಲೂ ಇಲ್ಲ.

ಲಗಮಪ್ಪ


ಹುಕ್ಕೇರಿ
೨೧ ಜನವರಿ ೨೦೨೫

ಲಗಮಪ್ಪಣ್ಣನವರಿಗೆ,

ಪೊರೆ ಬಂದ ಕಣ್ಣಿಗೂ ಇಷ್ಟು ಕಂಡಿತಲ್ಲ.

ಲಕ್ಷ್ಮೀ ಬರುವುದಿಲ್ಲ. ಮಮದಾಪುರದಲ್ಲಿ ತಮ್ಮನ ಮನೆ ಸೇರಿದ್ದಾಳೆ, ಆರಾಮಾಗಿದ್ದಾಳೆ. ನಾನು ನಿಮಗೆ ಮೊದಲ ಕಾಗದ ಬರೆಯುವುದಕ್ಕಿಂತ ಹದಿನೈದು ದಿನ ಮೊದಲೇ ಫೋನ್ ಮಾಡಿ, "ನನಗ ಆಗೂದಿಲ್ಲ ಶೋಭಾ, ಗಾಡ್ಯಾಗ ನಿದ್ದಿ ಹತ್ತೂದಿಲ್ಲ, ನೀ ಸಿಟ್ಟಾಗಬ್ಯಾಡ" ಅಂದಳು. 'ನಾನು' ಎಂದು ಬರೆದರೆ ಅದು ಖರೆಯಾಗಿಬಿಡುತ್ತದೆ ಅನ್ನಿಸಿ 'ನಾವಿಬ್ಬರೂ' ಎಂದು ಬರೆಯುತ್ತ ಹೋದೆ. ಗಾಡಿ ಓಡಿಸುವ ಧೈರ್ಯ ಅವಳದಾಗಿತ್ತು. ನನ್ನ ಹತ್ತಿರ ಬರೀ ಲೈಸೆನ್ಸ್ ಇದೆ. ಈವರೆಗೆ ನಮ್ಮ ಓಣಿಯ ತುದಿಯವರೆಗೆ ಹೋಗಿ ಹಿಂದಕ್ಕೆ ಬಂದಿದ್ದೇನೆ. ಕಪಾಟು ಮುಗಿಯಲಿ, ಆಮೇಲೆ ಹೊರಡೋಣ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ನೀವು ಬಣ್ಣ ತಪ್ಪಿದಾಗ ಮೇಲೆ ಸಿಟ್ಟು ಬಂದರೂ ಒಳಗೆ ಸಮಾಧಾನವೇ ಆಗಿತ್ತು.

ಈಗ ನಿಮ್ಮ ಕಣ್ಣಿನ ಮಾತು. ಏನೂ ಆಗುವುದಿಲ್ಲ ಎಂದು ನರ್ಸ್ ಆದವಳು ಹೇಳಬಾರದು, ನಾನೂ ಹೇಳುವುದಿಲ್ಲ. ಆದರೆ ಆಗಿನ ಕೊಯ್ತ ಬೇರೆ, ಈಗಿನದು ಬೇರೆ. ನೂರಾರು ಮಂದಿಯ ಪಟ್ಟಿ ಬಿಚ್ಚುವಾಗ ಬಾಜೂಕ್ಕೆ ನಿಂತಿದ್ದೇನೆ, ಕೆಟ್ಟದ್ದನ್ನು ಬೆರಳಲ್ಲಿ ಎಣಿಸಬಹುದು. ಮೊದಲು ಒಂದೇ ಕಣ್ಣು ಮಾಡಿಸೋಣ. ಹನಿ ಹಾಕುವುದನ್ನು ಸುಮನಳಿಗೆ ನಾನೇ ಕಲಿಸುತ್ತೇನೆ.

ಕಣ್ಣಿನ ಆಸ್ಪತ್ರೆಯಲ್ಲಿ ೨೯ನೇ ತಾರೀಖಿಗೆ, ಬುಧವಾರ, ಹೆಸರು ಬರೆಸಿದ್ದೇನೆ. ಬೆಳಿಗ್ಗೆ ಎಂಟಕ್ಕೆ ನಿಮ್ಮ ಮನೆ ಮುಂದೆ ಗಾಡಿ ತಂದು ನಿಲ್ಲಿಸುತ್ತೇನೆ. ನೀವು ಕತ್ತರಿಗೆ ಹೆದರಿ, ನಾನು ರಸ್ತೆಗೆ ಹೆದರುತ್ತೇನೆ. ಹೆದರಿಕೊಂಡೇ ಹೋಗಿ ಬರೋಣ.

ಶೋಭಾ


ಗೋಕಾಕ
೧೨ ಫೆಬ್ರುವರಿ ೨೦೨೫

ತಂಗಿ ಶೋಭಾಳಿಗೆ ಲಗಮಪ್ಪಣ್ಣನ ಆಶೀರ್ವಾದ.

ಇನ್ನು ನಿನ್ನನ್ನು ನೀವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೊಣ್ಣೂರ ಹತ್ತಿರ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಅರ್ಧ ತಾಸು ಕೂತವರು ನಾವು. "ಹಾರ್ನ್ ಹೊಡಿಯವಾ" ಅಂದರೆ, "ಪಾಪ, ಅಂವಗ ಸಿಟ್ಟ ಬರ್ತೈತ್ರಿ" ಅಂದವಳು ನೀನು. ನಿನ್ನ ಡ್ರೈವಿಂಗಿನ ಹೆದರಿಕೆಯಲ್ಲಿ ನನ್ನ ಕಣ್ಣಿನ ಹೆದರಿಕೆ ಮರೆತೇಹೋಗಿತ್ತು.

ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ನಿನ್ನ ಸೀರೆ ಕಂಡಿತು. ಬರುವಾಗ ಹಸಿರು ಉಟ್ಟಿದ್ದೀ ಅಂದುಕೊಂಡಿದ್ದೆ, ಎದುರಿಗೆ ನಿಂತದ್ದು ನೀಲಿ. "ಸೀರಿ ಬದಲ ಮಾಡೀಯೇನವಾ?" ಅಂದೆ. ನಿನ್ನೆಯ ಸೀರೆಯೇ ಎಂದು ನೀನು ನಕ್ಕೆ. ಆಮೇಲೆ ಗಾಡಿ ಹತ್ತಿ ಆ ಬಾಗಿಲು ನೋಡಿದೆ. ಸುಣ್ಣವೇ, ತಂಗಿ, ಅಪ್ಪಟ ಸುಣ್ಣ. ಅದನ್ನು ಕೆನೆ ಎಂದು ನಿನ್ನೊಂದಿಗೆ ಜಗಳಾಡಿದ್ದೆನಲ್ಲ. ದಾರಿಯಿಡೀ ಹಿಂದಕ್ಕೆ ತಿರುಗಿ ತಿರುಗಿ ಅದನ್ನೇ ನೋಡುತ್ತಿದ್ದೆ.

ನೀನು ಬಿಟ್ಟು ಹೋದ ಮೂರು ಬಾಗಿಲು ಕೆನೆಯಾಗಿವೆ. ಡಾಕ್ಟರು ಬಗ್ಗಬಾರದು ಅಂದಿದ್ದಾರೆ, ಹಾಗಾಗಿ ಬಣ್ಣ ನೋಡುವುದು ನಾನು, ಬಳಿಯುವುದು ಸುಮನ.

ಇದೇ ೨೪ರ ಸೋಮವಾರ ಹಿರಿಯರು ಸೇರುತ್ತಾರೆ. ಆ ಸುಣ್ಣದ ಬಾಗಿಲನ್ನು ಬಸ್ಸಿಗೆ ಹಾಕು. ಅದನ್ನೂ ಹೊಸದನ್ನೂ ತೆಗೆದುಕೊಂಡು ಹೋಗಿ ಅವರ ಮುಂದೆ ಇಡುತ್ತೇನೆ. ಕಣ್ಣು ಕೆಟ್ಟಿತ್ತು, ಈಗ ಒಂದು ಸರಿಯಾಗಿದೆ, ನೋಡಿ ಹೇಳಿ ಅನ್ನುತ್ತೇನೆ.

ಲಗಮಪ್ಪ


ಹುಕ್ಕೇರಿ
೧೫ ಫೆಬ್ರುವರಿ ೨೦೨೫

ಅಣ್ಣಾ,

ಬಾಗಿಲು ಕಳಿಸಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಕಣ್ಣು ಸರಿಯಾಗಿದೆ, ಕೈ ಇದೆ, ಹೊಸ ಬಾಗಿಲೇ ಸಾಕ್ಷಿ. ಆಗಿಹೋದದ್ದನ್ನು ಹೊತ್ತುಕೊಂಡು ಹೋಗಿ ಅವರ ಮುಂದೆ ಯಾಕೆ ಹರಡುತ್ತೀರಿ? ಆ ಸ್ಪ್ರೇ ಮಷೀನಿನವನು ಇದನ್ನೇ ಕಾಯುತ್ತಿರಬಹುದು. ನಿಮ್ಮ ಮುತ್ತಜ್ಜನ ಕಾಲದ ಕೆಲಸ ಒಂದು ಕಪಾಟಿನ ಬಾಗಿಲಿನಿಂದ ಹೋದರೆ ನಾನು ಆ ಗಾಡಿಯಲ್ಲಿ ಹೇಗೆ ಕೂರಲಿ? ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಹನಿ ತಪ್ಪಿಸಬೇಡಿ, ದಿನಕ್ಕೆ ನಾಲ್ಕು ಸಲ.

ಶೋಭಾ


ಗೋಕಾಕ
೪ ಮಾರ್ಚ್ ೨೦೨೫

ತಂಗಿ ಶೋಭಾ,

ನೀನು ಬೇಡ ಅಂದರೂ ಹೋದೆ. ನನ್ನ ಮೇಲೆ ನನಗೇ ನಂಬಿಕೆ ಬರಬೇಕಿತ್ತು.

ಸ್ಪ್ರೇ ಮಷೀನಿನವನು ಮೊದಲು ಬಂದು ಮೊಬೈಲಿನಲ್ಲಿ ಫೋಟೋ ತೋರಿಸಿ ಕೂತಿದ್ದ. ನಾನು ಎರಡೂ ಬಾಗಿಲನ್ನು ಗುಡಿಯ ಕಟ್ಟೆಗೆ ಆನಿಸಿ ನಿಲ್ಲಿಸಿದೆ. ಇದು ಪೊರೆ ಇದ್ದಾಗ ಮಾಡಿದ್ದು, ಇದು ತೆಗೆಸಿದ ಮೇಲೆ ಮಾಡಿದ್ದು, ಎರಡೂ ಕೆನೆ ಎಂದೇ ಕಲಸಿದ್ದೆ ಎಂದು ಹೇಳಿದೆ.

ಊರ ಹಿರಿಯ ಬೀರಸಿದ್ದಪ್ಪ ಬಗ್ಗಿ ಎರಡೂ ಬಾಗಿಲು ನೋಡಿದ. "ಮತ್ತ ಹ್ವಾದ ಸಲ ಅವ್ವನ ಬಣ್ಣಾ ಮಾಡುಮುಂದ?" ಎಂದು ಕೇಳಿದ. ಆಗ ಚೆನ್ನಾಗಿತ್ತು, ಕೆಟ್ಟದ್ದು ಎರಡು ವರ್ಷದಿಂದ ಅಂದೆ. ಅಷ್ಟರಲ್ಲಿ ದೇವಿಯ ಸೇವೆ ಮಾಡುವ ಕಾಡವ್ವ ಎದ್ದು ಬಂದಳು, ಎಂಬತ್ತು ದಾಟಿದ ಮುದುಕಿ. ಎರಡೂ ಬಾಗಿಲು ಮುಟ್ಟಿ ನೋಡಿ, "ಈ ಬೆಳಿ ಬಾಗ್ಲಾ ಮುಚ್ಚಿಟ್ಟಿದ್ರ ನಮಗೇನ ಗೊತ್ತಾಗ್ತಿತ್ತೋ ಬೀರಸಿದ್ದ? ತಾನ ತಂದು ತೋರಿಸ್ಯಾನ. ನಾಳೆ ಅವ್ವನ ಮಾರಿ ಮ್ಯಾಲೆ ತಪ್ಪಾದ್ರೂ ಇಂವ ಹೇಳ್ತಾನ. ಇಂವಂಗ ಕೊಡ್ರಿ" ಅಂದಳು. ಬೀರಸಿದ್ದಪ್ಪ ಒಂದು ಷರತ್ತು ಹಾಕಿದ. ಸೊಸೆಯೂ ಜೊತೆಗೆ ಕೂರಬೇಕು, ಎರಡು ಮಂದಿಯ ಕಣ್ಣಿರಲಿ ಅಂದ. ಅದನ್ನು ನಾನೇ ಕೇಳಬೇಕೆಂದಿದ್ದೆ.

ದೇವಿ ನಮ್ಮ ಕೈಯಲ್ಲೇ ಇದ್ದಾಳೆ, ತಂಗಿ. ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಹೊಸ ಕಣ್ಣಿಗೆ ಉಪ್ಪುನೀರು ಆಗುವುದಿಲ್ಲವೆಂದು ಜೊತೆಗಿದ್ದ ಸುಮನ ಗದರಿದಳು.

ಸುಣ್ಣದ ಬಾಗಿಲನ್ನೂ ಕೆರೆದು ಕೆನೆ ಮಾಡಿ, ನಾಲ್ಕನ್ನೂ ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ಎರಡನೆಯ ಕಣ್ಣು ಮಳೆಗಾಲ ಮುಗಿದ ಮೇಲೆ ಮಾಡಿಸುತ್ತೇನೆ, ಬಸ್ಸಿನಲ್ಲೇ ಹೋಗುತ್ತೇನೆ. ನನ್ನ ಕಣ್ಣನ್ನು ನೆಪ ಮಾಡಿಕೊಂಡು ನೀನು ಹುಕ್ಕೇರಿಯಲ್ಲಿ ಕೂರಬೇಡ. ಕಪಾಟು ಮುಗಿಯಿತು, ಹೊರಡು.

ನಿನ್ನ ಅಣ್ಣ
ಲಗಮಪ್ಪ


ಮೂಡಲಗಿ
೧೬ ಮಾರ್ಚ್ ೨೦೨೫

ಅಣ್ಣಾ,

ಈ ಕಾಗದವನ್ನು ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಹುಕ್ಕೇರಿ ಬಿಟ್ಟೆ. ಹಾರ್ನ್ ಮೂರು ಸಲ ಹೊಡೆದೆ, ಯಾರೂ ಸಿಟ್ಟಾಗಲಿಲ್ಲ.

ಹೊರಡುವ ಮೊದಲು ಲಕ್ಷ್ಮೀಗೆ ಫೋನ್ ಮಾಡಿದೆ. "ಒಬ್ಬಾಕೀನ?" ಎಂದು ಕೇಳಿದಳು. "ಹೌದು, ಒಬ್ಬಾಕೀನ" ಅಂದೆ. ಹೇಳಿದ ಮೇಲೆ ಅದೇನೂ ಅಷ್ಟು ದೊಡ್ಡ ಮಾತಾಗಿ ಕೇಳಿಸಲಿಲ್ಲ. ಎರಡನೆಯ ಕಪಾಟಿನಲ್ಲಿ ನನ್ನ ಪಾತ್ರೆಗಳನ್ನೇ ಜೋಡಿಸಿದ್ದೇನೆ.

ನಿಮ್ಮನ್ನು ನೋಡಿ ಮುಂದೆ ಹೋಗೋಣವೆಂದು ದೇವಿಯ ಹಳ್ಳಿಗೆ ಹೋಗಿದ್ದೆ. ಗುಡಿಯ ಹಿಂದಿನ ಶೆಡ್ಡಿಗೆ ಪರದೆ ಕಟ್ಟಿತ್ತು. "ಅವ್ವ ಬಣ್ಣಕ್ಕ ಕುಂತಾಳ, ಒಳಗ ಯಾರನ್ನೂ ಬಿಡಾಂಗಿಲ್ಲ" ಎಂದು ಕಾಡವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಪರದೆಯ ಈಚೆ ನಿಂತಿದ್ದಾಗ ಒಳಗಿನಿಂದ ನಿಮ್ಮ ದನಿ ಕೇಳಿತು. "ಸುಮನಾ, ಗಲ್ಲಕ್ಕ ಹಳದಿ ಹೆಚ್ಚಾತವಾ. ಅವ್ವಗ ಕಾಮಾಲಿ ಆದಂಗ ಕಾಣತೈತಿ. ಒಂದ ಹನಿ ಕೆಂಪ ಹಾಕು." ಬಣ್ಣ ಕಲಸುವ ಸದ್ದಾಯಿತು. ಆಮೇಲೆ ಸುಮನ, "ಹೌದಲ್ರಿ ಮಾಮಾ, ನನಗ ಕಂಡೇ ಇರಲಿಲ್ಲ" ಅಂದಳು.

ನಾನು ಕೂಗಲಿಲ್ಲ. ಕಣ್ಣೊರೆಸಿಕೊಂಡು ಗಾಡಿ ಹತ್ತಿ ಮೂಡಲಗಿಗೆ ಬಂದೆ. ಈ ಕಾಗದವನ್ನು ಇಲ್ಲಿಯ ಅಂಚೆ ಡಬ್ಬಿಗೆ ಹಾಕಿ ಬಾದಾಮಿಯ ಕಡೆ ಹೊರಡುತ್ತೇನೆ.

ನಿಮ್ಮ ತಂಗಿ
ಶೋಭಾ